ಓಣಿಗೆ ಹಂಚಿದ ಹಿಟ್ಟು

ಸಿಂಧನೂರಿನ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ಬೆಲೆಯ ಪಾಠ ಬಂದಾಗ ಪುಸ್ತಕ ಮುಚ್ಚಿಟ್ಟು ಮಸ್ಕಿಯ ನಮ್ಮ ಓಣಿಯ ರೊಟ್ಟಿಯ ಕತೆ ಹೇಳುವುದು ನನ್ನ ಚಟ. ಎಷ್ಟೋ ವರ್ಷ ಹೇಳಿಕೊಂಡು ಬಂದ ಆ ಕತೆಯನ್ನು ಈಗ ಹೇಳಲು ಬಾಯಿ ಬರುವುದಿಲ್ಲ. ಈಚೆಗೆ ಆ ಓಣಿ ನನ್ನನ್ನು ಎರಡು ಸಲ ದಂಗುಬಡಿಸಿದೆ. ಮೊದಲನೆಯದನ್ನು ಹೇಗೋ ಅರಗಿಸಿಕೊಂಡೆ. ಎರಡನೆಯದು ಇನ್ನೂ ಗಂಟಲಲ್ಲೇ ಇದೆ.

ಹುಡುಗರಲ್ಲಿ ಯಾರಾದರೊಬ್ಬರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಹೋದ ಸಲ ಕೇಳಿದವಳು ಬಳಗಾನೂರಿನಿಂದ ಬಸ್ಸಿನಲ್ಲಿ ಬರುವ ಹುಡುಗಿ. "ಮೇಡಂ, ಇನ್ನ ಮುಂದ ಯಾರಿಗೆ ಏನ್ ಬೇಕು ಅನ್ನೂದು ಎಲ್ಲಾ ಕಂಪ್ಯೂಟರಿಗೇ ಗೊತ್ತಾಗ್ತದಂತ. ಆವಾಗ ರೇಟ್ ಯಾಕ ಬೇಕ್ರಿ? ರೊಕ್ಕರ ಯಾಕ ಬೇಕು?"

ಇದಕ್ಕೆ ನನ್ನ ಹತ್ತಿರ ಉತ್ತರ ಸಿದ್ಧವಾಗಿಯೇ ಇರುತ್ತದೆ. ಮೊದಲು ಪುಸ್ತಕದ ಪರವಾಗಿ ಮಾತಾಡುತ್ತೇನೆ. ಬೆಲೆ ಎಂದರೆ ಒಂದು ಸುದ್ದಿ. ಭತ್ತದ ರೇಟು ಏರಿದರೆ ಎಲ್ಲೋ ಅಕ್ಕಿ ಸಾಲದಾಗಿದೆ ಎಂದು ಮುಕ್ಕುಂದದ ರೈತನಿಗೆ ಯಾರೂ ಫೋನು ಮಾಡಿ ಹೇಳಬೇಕಿಲ್ಲ. ಆ ಸುದ್ದಿ ನಿಂತರೆ ಯಾರು ಏನು ಬೆಳೆಯಬೇಕು, ಎಷ್ಟು ಬೆಳೆಯಬೇಕು ಎಂದು ಯಾರಿಗೂ ತಿಳಿಯುವುದಿಲ್ಲ, ದೇಶ ನಿಂತಲ್ಲೇ ನಿಲ್ಲುತ್ತದೆ. ಹುಡುಗರು ತಲೆಯಾಡಿಸುತ್ತ ಬರೆದುಕೊಳ್ಳುತ್ತಾರೆ. ಅವರು ಬರೆದು ಮುಗಿಸುವಷ್ಟರಲ್ಲಿ ನಾನು ತಿರುಗಿ ಬೀಳುತ್ತೇನೆ. "ಹಂಗಾದ್ರ ನಮ್ಮ ಓಣ್ಯಾಗಿನ ಮದುವಿ ರೊಟ್ಟಿಗೆ ರೇಟ್ ಎಷ್ಟು ಹೇಳ್ರಿ ನೋಡೋಣು" ಎನ್ನುತ್ತೇನೆ. ಅವರು ಪೆನ್ನು ಹಿಡಿದುಕೊಂಡು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡುತ್ತಾರೆ. ಪಾಠ ಮಾಡುವವರಿಗೆ ಸಿಗುವ ಖುಷಿಗಳು ಬಹಳ ಕಡಿಮೆ. ಸಿಕ್ಕಿದ್ದನ್ನು ನಾನು ಬಿಡುವವಳಲ್ಲ.

ಆ ರೊಟ್ಟಿಯ ಕತೆ ಇಷ್ಟು. ನಮ್ಮ ಕಡೆ ಮದುವೆಯ ಮನೆಯಲ್ಲಿ ಎಷ್ಟು ಬಗೆ ಸಿಹಿ ಮಾಡಿದರೂ ಜೋಳದ ಖಡಕ್ ರೊಟ್ಟಿ ಇಲ್ಲದಿದ್ದರೆ ಊಟ ಆಯಿತೆಂದು ಯಾರೂ ಒಪ್ಪುವುದಿಲ್ಲ. ನೂರಾರು ಜನಕ್ಕೆ ರೊಟ್ಟಿ ಬಡಿಯುವುದು ಒಂದು ಮನೆಯ ಹೆಂಗಸರಿಂದ ಆಗುವ ಕೆಲಸವಲ್ಲ. ಅದಕ್ಕೇ ಮದುವೆಗೆ ವಾರ ಇರುವಾಗ ಜೋಳ ಬೀಸಿಸಿ, ಓಣಿಯ ಮನೆಮನೆಗೂ ಹಿಟ್ಟು ಹಂಚುತ್ತಾರೆ. ಅವರವರ ಮನೆಯಲ್ಲಿ ಅವರವರ ಹೊತ್ತಿಗೆ ಬಡಿದು, ಒಣಗಿಸಿ, ಬುಟ್ಟಿಗೆ ಬಟ್ಟೆ ಮುಚ್ಚಿ ತಂದು ಮದುವೆ ಮನೆಗೆ ಮುಟ್ಟಿಸುತ್ತಾರೆ. ಯಾರೂ ಕೂಲಿ ಕೇಳುವುದಿಲ್ಲ, ಯಾರೂ ಬರೆದಿಡುವುದಿಲ್ಲ. ನಾಳೆ ಅವರ ಮನೆಯಲ್ಲಿ ಮದುವೆಯಾದರೆ ಅವರ ಹಿಟ್ಟು ನಮ್ಮ ಮನೆಗೆ ಬರುತ್ತದೆ. ಒಂದು ಮನೆಯ ರೊಟ್ಟಿ ದಪ್ಪ, ಇನ್ನೊಂದರದು ಹಪ್ಪಳದಷ್ಟು ತೆಳುವು, ಮತ್ತೊಂದರ ಅಂಚು ಹರಿದಿರುತ್ತದೆ. ಅವ್ವ ರೊಟ್ಟಿ ಮುಟ್ಟಿಯೇ ಇದು ಯಾರ ಕೈಯದೆಂದು ಹೇಳುತ್ತಿದ್ದಳು.

ಇದನ್ನೆಲ್ಲ ಹೇಳಿ ಮುಗಿಸಿ, "ನೋಡ್ರಿ, ಬೆಲೆ ಇಲ್ಲ, ರೊಕ್ಕ ಇಲ್ಲ, ಯಾರ ಮನ್ಯಾಗೂ ಊಟಕ್ಕ ಕಡಿಮಿ ಬಿದ್ದಿಲ್ಲ" ಎಂದು ನಾನು ಎದೆಯುಬ್ಬಿಸಿ ನಿಲ್ಲುತ್ತಿದ್ದೆ. ಮುಂದಿನ ಸಮಾಜ ಹೇಗಿರಬಹುದು ಎಂದು ದೂರದ ದೇಶಗಳ ಕಡೆ ನೋಡಬೇಕಿಲ್ಲ, ಮಸ್ಕಿಗೆ ಬಂದು ನಮ್ಮ ಓಣಿ ನೋಡಿ ಎನ್ನುತ್ತಿದ್ದೆ. ನಾನು ಅದನ್ನು ಮನಸಾರೆ ನಂಬಿದ್ದೆ.

ಮೊದಲ ಪೆಟ್ಟು ಬಿದ್ದದ್ದು ಅಣ್ಣನ ಮಗಳ ಮದುವೆಯಲ್ಲಿ. ಅಣ್ಣನದು ಮಸ್ಕಿಯಲ್ಲಿ ಕಿರಾಣಿ ಅಂಗಡಿ. ಅವ್ವ ಅವನ ಜೊತೆಯಲ್ಲೇ ಇರುತ್ತಾಳೆ. ಅವನು ವ್ಯಾಪಾರಸ್ಥ, ರೊಟ್ಟಿಯನ್ನು ಆರ್ಡರ್ ಕೊಟ್ಟು ತರಿಸಿಬಿಡೋಣ ಎಂದ. ಅವ್ವ ಸುತಾರಾಂ ಒಪ್ಪಲಿಲ್ಲ. "ಮೊಮ್ಮಗಳ ಮದುವಿಗೆ ಓಣಿ ಕೈ ಹತ್ತಬೇಕು. ಖರೀದಿ ರೊಟ್ಟಿ ನನ್ನ ಮನಿ ಹೊಸ್ತಿಲ ದಾಟಬಾರದು" ಎಂದಳು. ನಾನು ಅವ್ವನ ಪಕ್ಷ. ನನ್ನ ಪಾಠದ ಕತೆ ಕಣ್ಣೆದುರಿಗೇ ನಡೆಯುವುದನ್ನು ನೋಡುವ ಆಸೆಗೆ ಕಾಲೇಜಿಗೆ ರಜೆ ಹಾಕಿ ಬಂದಿದ್ದೆ. ಅತ್ತಿಗೆಯೂ ನಾನೂ ಸೇರಿ ಮನೆಮನೆಗೆ ಹಿಟ್ಟು ಕೊಟ್ಟು ಬಂದೆವು. ಎದುರು ಮನೆಯ ಚಿಗವ್ವನಿಗೂ ಕೊಟ್ಟೆವು.

ಚಿಗವ್ವ ನಮಗೆ ರಕ್ತಸಂಬಂಧಿಯಲ್ಲ. ಬಾಯಿತುಂಬ ಚಿಗವ್ವ ಎಂದು ಕರೆದು ರೂಢಿ. ಮುದಗಲ್ ಕಡೆಯ ಹಳ್ಳಿಯಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ಬಂದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿಲ್ಲ. ತವರಿಗೆ ಹೋಗಲಿಲ್ಲ, ಅತ್ತೆ ಮಾವನನ್ನು ಕಡೆತನಕ ನೋಡಿಕೊಂಡಳು. ಆಮೇಲೆ ಹೊಟ್ಟೆಪಾಡಿಗೆ ರೊಟ್ಟಿ ಬಡಿದು ಮಾರುವುದಕ್ಕೆ ಶುರು ಮಾಡಿದಳು. ಸಿಂಧನೂರಿನ ಹಾಸ್ಟೆಲುಗಳಿಗೆ, ಲಿಂಗಸುಗೂರಿನ ಖಾನಾವಳಿಗಳಿಗೆ ಆಕೆಯ ರೊಟ್ಟಿ ಬಸ್ಸಿನ ಮೇಲೆ ಹೋಗುತ್ತದೆ. ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿ, ಕೆಲಸಕ್ಕೆ ಹೆಂಗಸರನ್ನು ಇಟ್ಟುಕೊಂಡು, ರೊಟ್ಟಿ ಒತ್ತುವ ಯಂತ್ರವನ್ನೂ ತಂದಿದ್ದಾಳೆ. ಯಂತ್ರದ ರೊಟ್ಟಿ ಮುಚ್ಚಳ ಇಟ್ಟು ಕೊಯ್ದ ಹಾಗೆ ಎಲ್ಲ ಒಂದೇ ದುಂಡಗೆ ಇರುತ್ತದೆ.

ಹಿಟ್ಟು ಕೊಟ್ಟ ಸಂಜೆ ಚಿಗವ್ವ ನಮ್ಮ ಮನೆಗೆ ಬಂದಳು. ಅವ್ವ ಕಟ್ಟೆಯ ಮೇಲೆ ಕೂತು ಎಲೆ ಹಾಕಿಕೊಳ್ಳುತ್ತಿದ್ದಳು. ಬಾ ಕೂಡು ಎಂದರೂ ಆಕೆ ಕೂಡಲಿಲ್ಲ, ಕಂಬ ಹಿಡಿದು ನಿಂತಳು.

"ಅಕ್ಕಾ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ಈ ಓಣಿಗೆ ಬಂದಾಗಿಂದ ಎಲ್ಲಾರ ಹಿಟ್ಟೂ ಬಡದೀನಿ. ನಿಮ್ಮ ಮಗನ ಮದುವಿಗೆ ಬಡದೀನಿ, ಈ ನಿಮ್ಮ ಮಗಳ ಮದುವಿಗೆ ಬಡದೀನಿ. ನನ್ನ ಹಿಟ್ಟು ಯಾವತ್ತರ ನಿಮ್ಮ ಮನಿಗೆ ಬಂದದೇನ್ರಿ?"

ಅವ್ವ ಸಹಜವಾಗಿಯೇ ಹೇಳಿದಳು, "ನಿನ್ನ ಮನ್ಯಾಗ ಮದುವಿ ಎಲ್ಲಿ ಆಗ್ಯಾವ, ತಂಗಿ?"

"ಆಗಿಲ್ಲ ನೋಡ್ರಿ. ಅದಕ್ಕ ಕೇಳಿದೆ."

ಎಷ್ಟು ವರ್ಷ, ಎಷ್ಟು ಹುಡುಗರ ಮುಂದೆ ನಾನು ಈ ಓಣಿಯನ್ನು ಹೊಗಳಿದ್ದೆ. ಹಿಟ್ಟು ಹೋಗುತ್ತದೆ, ಹಿಟ್ಟು ಬರುತ್ತದೆ, ಎಲ್ಲ ಸಮ ಎನ್ನುತ್ತಿದ್ದೆ. ಯಾವ ಮನೆಯಲ್ಲಿ ಮದುವೆಗಳು ಆಗುತ್ತವೋ ಆ ಮನೆಗೆ ಮಾತ್ರ ಅದು ತಿರುಗಿ ಬರುತ್ತದೆ ಎಂಬುದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ನಮ್ಮ ಎದುರು ಬಾಗಿಲಲ್ಲೇ ಒಬ್ಬ ಹೆಂಗಸು ಬರೀ ಕೊಟ್ಟುಕೊಂಡೇ ಮುದುಕಿಯಾಗುತ್ತಿದ್ದಳು. ಆಕೆಯ ಕೈಯಿಂದ ಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಯಾಕೆಂದರೆ ಅದಕ್ಕೆ ಬೆಲೆ ಇರಲಿಲ್ಲ.

"ಈಗೇನು, ನಿನಗ ರೊಕ್ಕ ಬೇಕೇನು?" ಎಂದಳು ಅವ್ವ. ದನಿ ಬಿಗಿಯಾಗಿತ್ತು.

"ರೊಕ್ಕ ಬ್ಯಾಡ್ರಿ. ರೊಕ್ಕ ಕೊಡಾಕ ಲಿಂಗಸುಗೂರಾಗ ಮಂದಿ ಅದಾರ. ಹಳೇ ಮನಿ ಬಿಚ್ಚಿ ಹೊಸಾದು ಕಟ್ಟಬೇಕಂತ ಮಾಡೀನಿ. ಅದರ ವಾಸ್ತುಶಾಂತಿಗೆ ನಾನೂ ಓಣಿ ತುಂಬ ಹಿಟ್ಟು ಹಂಚ್ತೀನಿ. ಆವಾಗ ನೀವು ಬಡದು ಕೊಡ್ರಿ. ನನಗಿಷ್ಟ ಸಾಕು."

"ಅದೇನ್ ದೊಡ್ಡ ಮಾತು ಬಿಡವ್ವ. ಬಡೀತೀವಿ" ಎಂದಳು ಅವ್ವ.

ಚಿಗವ್ವನ ಮುಖ ಅರಳಿತು. ಆಕೆ ಶೆಡ್ಡು ಮುಚ್ಚಿದ ಮೇಲೆ ಮನೆಯಲ್ಲಿ ಕೂತು ಅಷ್ಟೂ ಹಿಟ್ಟನ್ನು ತನ್ನ ಕೈಯಿಂದಲೇ ಬಡಿದಳು. ಯಂತ್ರ ಮುಟ್ಟಲಿಲ್ಲ. ಮೇಲೆ ಎಳ್ಳು ಹಚ್ಚಿ ತಂದುಕೊಟ್ಟಳು. ಉಳಿದ ಮನೆಗಳ ಹೆಂಗಸರೂ ಗೊಣಗುತ್ತ ಗೊಣಗುತ್ತ ಬಡಿದುಕೊಟ್ಟರು. ಮದುವೆ ಚೆಂದಾಗಿ ನಡೆಯಿತು, ಬೀಗರು ರೊಟ್ಟಿಯನ್ನು ಹೊಗಳಿ ಕಟ್ಟಿಸಿಕೊಂಡು ಹೋದರು.

ನಾನು ಮಾತ್ರ ಸಿಂಧನೂರಿಗೆ ಮರಳಿದ ಮೇಲೆ ಸರಿ ಇರಲಿಲ್ಲ. ಪಾಠ ಮಾಡುವಾಗ ಮಾತು ತಡವರಿಸುತ್ತಿತ್ತು. ಬಳಗಾನೂರಿನ ಹುಡುಗಿ ಆ ಪ್ರಶ್ನೆ ಕೇಳಿದ್ದು ಅದೇ ದಿನಗಳಲ್ಲಿ. ಅವಳಿಗೆ ನಾನು ರೊಟ್ಟಿಯ ಕತೆಯನ್ನು ಬೇರೆಯೇ ಥರ ಹೇಳಿದೆ. ರೊಕ್ಕಕ್ಕೆ ಒಂದು ಗುಣವಿದೆ, ಅದು ಯಾರ ಮನೆಯಲ್ಲಿ ಮದುವೆ ಇದೆ, ಯಾರ ಮನೆಯಲ್ಲಿ ಇಲ್ಲ ಎಂದು ನೋಡುವುದಿಲ್ಲ ಎಂದೆ. ಕೆಲಸಕ್ಕೆ ಬೆಲೆ ಕಟ್ಟಿದ ದಿನದಿಂದ ಆ ಹೆಂಗಸಿಗೆ ಶೆಡ್ಡು ಬಂತು, ಯಂತ್ರ ಬಂತು, ಮನೆ ಬರುತ್ತಿದೆ. ಓಣಿಯ ಪ್ರೀತಿಯಲ್ಲಿ ಆಕೆಗೆ ಒಂದು ಇಟ್ಟಿಗೆಯೂ ಬರಲಿಲ್ಲ.

"ಹಂಗಾದ್ರ ರೊಕ್ಕ ಬೇಕೇ ಬೇಕು ಅಂದಂಗಾತು, ಮೇಡಂ" ಎಂದಳು ಅವಳು.

"ಬೇಕು" ಎಂದೆ. ಹೇಳಿದ ಮೇಲೆ ಚಿಗವ್ವ ಕಂಬ ಹಿಡಿದು ನಿಂತದ್ದು ನೆನಪಾಯಿತು. ಅಷ್ಟೆಲ್ಲ ರೊಕ್ಕ ಕಂಡ ಮೇಲೂ ಆಕೆ ಬಂದು ಕೇಳಿದ್ದು ರೊಕ್ಕವನ್ನಲ್ಲ. ತನ್ನ ಹಿಟ್ಟು ಒಂದು ಸಲ ಓಣಿಯ ಕೈಗಳಿಗೆ ಬೀಳಬೇಕು, ಅಷ್ಟೇ ಆಕೆಯ ಆಸೆ. ಅದಕ್ಕೆ ನನ್ನ ಪುಸ್ತಕದಲ್ಲಿ ಹೆಸರಿಲ್ಲ. ಗಂಟೆ ಹೊಡೆಯಿತು, ನಾನು ಬಚಾವಾದೆ.

ಚಿಗವ್ವನ ಮನೆ ಮುಗಿಯಿತು. ಎರಡು ಕೋಣೆ, ಒಂದು ಪಡಸಾಲೆ, ಬಾಗಿಲಿಗೆ ಹಸಿರು ಬಣ್ಣ. ವಾಸ್ತುಶಾಂತಿಗೆ ಬಾ ಎಂದು ನನಗೆ ಫೋನು ಮಾಡಿದಳು. ಹಿಟ್ಟು ಹಂಚಿದ ಸಂಭ್ರಮವನ್ನು ಫೋನಿನಲ್ಲೇ ಹೇಳಿದಳು. "ಹೊಸ ಸೀರಿ ಉಟಗೊಂಡ ಹೋಗಿದ್ದೆ ನೋಡವ್ವ. ಮುದಗಲ್ ಜ್ವಾಳ ತರಿಸಿ, ನಿಂತು ಬೀಸಿಸೀನಿ. ಒಂದೂ ಮನಿ ಬಿಟ್ಟಿಲ್ಲ. ಎಲ್ಲಾರೂ ಇಸಗೊಂಡಾರ." ಇಷ್ಟು ಹೇಳಿ ಆಕೆ ತವರಿನವರನ್ನು ಕರೆಯಲು ಊರಿಗೆ ಹೋದಳು. ಅಲ್ಲಿಂದ ಪಾತ್ರೆ, ಬಟ್ಟೆ ಎಂದು ಲಿಂಗಸುಗೂರಿನ ಸಂತೆ ಪೇಟೆ ತಿರುಗಿಕೊಂಡು ವಾಸ್ತುಶಾಂತಿಯ ಹಿಂದಿನ ದಿನ ಮಸ್ಕಿ ಸೇರಿದಳು. ಅಷ್ಟು ದಿನ ಶೆಡ್ಡು ನೋಡಿಕೊಂಡವರು ಕೆಲಸದ ಹೆಂಗಸರು.

ನಾನು ವಾಸ್ತುಶಾಂತಿಯ ದಿನ ಬೆಳಿಗ್ಗೆ ಸಿಂಧನೂರಿನಿಂದ ಮೊದಲ ಬಸ್ಸು ಹಿಡಿದು ಬಂದೆ. ನಮ್ಮ ಮನೆಯ ಪಡಸಾಲೆಯಲ್ಲಿ ರೊಟ್ಟಿ ಬುಟ್ಟಿ ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಅವ್ವ ಬಡಿದಳೋ, ಅತ್ತಿಗೆ ಬಡಿದಳೋ ನೋಡೋಣ ಎಂದು ಬಟ್ಟೆ ಎತ್ತಿದೆ. ಒಂದರ ಮೇಲೊಂದು, ಒಂದೇ ದುಂಡಗೆ, ಅಂಚು ಕೊರೆದಿಟ್ಟ ಹಾಗೆ ಇದ್ದವು.

"ಇವು ಯಾರು ಮಾಡಿದ್ದು?" ಎಂದೆ. ಕೇಳುವಾಗಲೇ ಉತ್ತರ ಗೊತ್ತಿತ್ತು.

ಅತ್ತಿಗೆ ಹೂ ಮುಡಿದುಕೊಳ್ಳುತ್ತ ಹೇಳಿದಳು, "ಶೆಡ್ಡಿಗೆ ಹಿಟ್ಟು ಕೊಟ್ಟು ಮಾಡಿಸೀನ್ರಿ. ಅತ್ತಿಯವರಿಗೆ ಕೈ ಬ್ಯಾನಿ. ನನಗರ ಎಲ್ಲಿ ಹೊತ್ತು ಅದ?"

"ಯಾವ ಶೆಡ್ಡು?"

"ಮಸ್ಕ್ಯಾಗ ಎಷ್ಟ್ ಶೆಡ್ಡು ಅದಾವ್ರಿ? ಚಿಗವ್ವಂದ."

ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನಿಂತೆ. ಆಕೆಯ ಹಿಟ್ಟನ್ನು ಆಕೆಯದೇ ಶೆಡ್ಡಿಗೆ ಕೊಟ್ಟು, ಆಕೆಯದೇ ಕೆಲಸದವರ ಕೈಯಿಂದ ಒತ್ತಿಸಿ, ಆಕೆಗೇ ಒಯ್ದು ಕೊಡುವುದು. ಹೋದ ವರ್ಷ ಅದೇ ಆಕೆ ತನ್ನ ಯಂತ್ರವನ್ನು ಬಿಟ್ಟು ನಮ್ಮ ಮನೆಗೆ ಕೈಯಿಂದ ಬಡಿದಿದ್ದಳು.

"ಅವ್ವಾ, ಬಡೀತೀವಿ ಅಂತ ನೀನೇ ಮಾತು ಕೊಟ್ಟಿದ್ದಿ" ಎಂದೆ.

ಅವ್ವನಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ. "ರೊಟ್ಟಿ ಮುಟ್ಟಿದ್ರ ಆತಿಲ್ಲ? ಪುಕ್ಕಟೆ ಏನ್ ಮಾಡಿಸಿಲ್ಲ, ರೊಕ್ಕ ಕೊಟ್ಟೀವಿ. ಅಕಿಗೇನು, ರೊಟ್ಟಿ ಅಂಗಡಿನ ಅದ. ಯಾರ ಕೈದಾದ್ರ ಏನು?" ಎಂದಳು. ಮೊಮ್ಮಗಳ ಮದುವೆಗೆ ಖರೀದಿ ರೊಟ್ಟಿ ಹೊಸ್ತಿಲು ದಾಟಬಾರದು ಎಂದಿದ್ದ ಅದೇ ಅವ್ವ ಈ ಮಾತು ಆಡುತ್ತಿದ್ದಳು. ಹೇಳುವಾಗ ಅವಳ ಮುಖದಲ್ಲಿ ಅಳುಕು ಎನ್ನುವುದೇ ಇರಲಿಲ್ಲ. ಅದು ನನ್ನನ್ನು ಇನ್ನಷ್ಟು ದಿಗಿಲುಗೊಳಿಸಿತು.

ಬೇರೆ ಮನೆಗಳಲ್ಲಾದರೂ ಬಡಿದಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಬುಟ್ಟಿಯನ್ನು ಹೊತ್ತು ರಸ್ತೆ ದಾಟಿದೆ. ನಮ್ಮದೊಂದು ಬುಟ್ಟಿ ಉಳಿದವುಗಳ ನಡುವೆ ಸೇರಿಹೋದರೆ ಚಿಗವ್ವನಿಗೆ ಗೊತ್ತಾಗಲಿಕ್ಕಿಲ್ಲ ಎಂದೂ ಅಂದುಕೊಂಡೆ.

ಹೊಸ ಮನೆಯ ಒಳಕೋಣೆಯಲ್ಲಿ ಬುಟ್ಟಿಗಳನ್ನು ಸಾಲಾಗಿ ಇಟ್ಟಿದ್ದರು. ಚಿಗವ್ವ ರೇಷ್ಮೆ ಸೀರೆಯುಟ್ಟು ನೆಲದ ಮೇಲೆ ಕೂತಿದ್ದಳು. ತವರಿನ ಅತ್ತಿಗೆಗೆ ಓಣಿಯ ರೊಟ್ಟಿ ತೋರಿಸುವ ಹುಮ್ಮಸ್ಸಿನಲ್ಲಿ ಮೊದಲ ಬುಟ್ಟಿಯ ಬಟ್ಟೆ ತೆಗೆದಳು. ದುಂಡನೆಯ ರೊಟ್ಟಿ. ಎರಡನೆಯದನ್ನು ತೆಗೆದಳು. ಅದೇ ದುಂಡು. ಮೂರನೆಯದನ್ನು ತೆಗೆಯುವಾಗ ಆಕೆಯ ಕೈ ನಿಧಾನವಾಯಿತು. ನಾನು ತಂದ ಬುಟ್ಟಿಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತೆ. ಆಕೆ ಕೊನೆಯ ಬುಟ್ಟಿಯ ತನಕ ಒಂದೊಂದನ್ನೂ ತೆಗೆದು ನೋಡಿದಳು. ಕೈಯಿಂದ ಬಡಿದ ರೊಟ್ಟಿ ಒಂದು ಬುಟ್ಟಿಯಲ್ಲೂ ಇರಲಿಲ್ಲ.

ನಮ್ಮ ಮನೆಯವರು ಮಾತ್ರ ಹೀಗೆ ಮಾಡಿದ್ದಾರೆ ಎಂದುಕೊಂಡಿದ್ದೆ. ಇಡೀ ಓಣಿ ಯಾರೂ ಯಾರಿಗೂ ಹೇಳದೆ, ಯಾರೂ ಯಾರನ್ನೂ ಕೇಳದೆ, ಅದನ್ನೇ ಮಾಡಿತ್ತು. ನಮ್ಮ ಮದುವೆಗೆ ಗೊಣಗುತ್ತಲಾದರೂ ಬಡಿದಿದ್ದ ಕೈಗಳೇ ಇವು. ಅಣ್ಣನ ಅಂಗಡಿಯಲ್ಲಿ ತಿಂಗಳ ಸಾಮಾನು ಉದ್ರಿ ಒಯ್ಯುವವರು ಅಣ್ಣನ ಮಗಳಿಗೆ ಬಡಿದರು. ಚಿಗವ್ವನಿಗೆ ಯಾಕೆ ಬಡಿಯಬೇಕು ಎಂದು ಯಾರಿಗೂ ಅನ್ನಿಸಲೇ ಇಲ್ಲ.

ಕೆಲಸದ ಹೆಂಗಸೊಬ್ಬಳು ನೀರಿನ ಕೊಡ ಇಳಿಸುತ್ತ ಸಂತೋಷದಿಂದಲೇ ಹೇಳಿದಳು, "ನೀವು ಊರಾಗ ಇರಲಾರದಾಗ ಓಣಿ ಆರ್ಡರ್ ಬಾಳ ಬಂದಿದ್ವು, ಯಕ್ಕಾ. ಎಲ್ಲಾರೂ ಹಿಟ್ಟು ತಂದಿದ್ರು. ರೊಕ್ಕ ಡಬ್ಬ್ಯಾಗ ಹಾಕೀನಿ." ಅದು ಯಾವ ಹಿಟ್ಟೆಂದು ಆ ಪಾಪದ ಹೆಂಗಸಿಗೆ ಯಾರೂ ಹೇಳಿರಲಿಲ್ಲ. ಹಿಟ್ಟು ತಂದರು, ಒತ್ತಿದರು, ರೊಕ್ಕ ಬಂತು. ಆಕೆಯ ಪಾಲಿಗೆ ಅದು ಒಳ್ಳೆಯ ವಾರ.

ಕೊಡದ ನೀರು ತುಳುಕುವುದನ್ನು ನೋಡುತ್ತ ನನ್ನ ತಲೆಯೊಳಗೆ ನನ್ನದೇ ಪಾಠ ಓಡಿತು. ಮನೆಯಲ್ಲಿ ಬಡಿದು ಹಂಚಿದ ರೊಟ್ಟಿ ದೇಶದ ಆದಾಯದ ಲೆಕ್ಕಕ್ಕೆ ಬರುವುದಿಲ್ಲ, ಮಾರಿದ ರೊಟ್ಟಿ ಬರುತ್ತದೆ. ಇಷ್ಟು ವರ್ಷ ಚಿಗವ್ವ ನಮಗೆಲ್ಲ ಬಡಿದುಕೊಟ್ಟದ್ದು ಎಲ್ಲೂ ಇಲ್ಲ. ಆ ವಾರ ಓಣಿ ಆಕೆಗೆ ಕೊಟ್ಟ ಮಾತು ಮುರಿದದ್ದು ಮಾತ್ರ ಲೆಕ್ಕಕ್ಕೆ ಬಂದಿತ್ತು. ಪುಸ್ತಕದ ಪ್ರಕಾರ ನಮ್ಮ ಓಣಿ ಬೆಳೆದಿತ್ತು. ನಾನು ಪರೀಕ್ಷೆಯಲ್ಲಿ ಅಂಕ ಕೊಡುವ ಉತ್ತರ ಅದು, ಮತ್ತು ಅದು ಸರಿ ಇತ್ತು.

ಚಿಗವ್ವ ಅಳಲಿಲ್ಲ, ಬೈಯಲೂ ಇಲ್ಲ. ಬುಟ್ಟಿಗಳಿಗೆ ಬಟ್ಟೆ ಮುಚ್ಚಿ ಎದ್ದಳು. ಪೂಜೆ ನಡೆಯಿತು, ಸ್ವಾಮಿಗಳ ಪಾದಪೂಜೆ ನಡೆಯಿತು, ಪಂಕ್ತಿ ಕೂತಿತು. ಮೊದಲ ಪಂಕ್ತಿಯಲ್ಲಿ ಓಣಿಯ ಹಿರಿಯ ಹೆಂಗಸರೆಲ್ಲ ಕೂತಿದ್ದರು, ನಡುವೆ ಅವ್ವ. ನಾನು ಅವ್ವನ ಪಕ್ಕದಲ್ಲಿದ್ದೆ. ಬಡಿಸುವುದಕ್ಕೆ ಜನ ಇದ್ದರೂ ಚಿಗವ್ವ ರೊಟ್ಟಿಯ ಬುಟ್ಟಿಯನ್ನು ಯಾರ ಕೈಗೂ ಕೊಡಲಿಲ್ಲ. ತಾನೇ ಒಬ್ಬೊಬ್ಬರ ಮುಂದೆ ಬಗ್ಗಿ ಎಣಗಾಯಿಯ ಪಕ್ಕ ರೊಟ್ಟಿ ಇಡುತ್ತ ಬಂದಳು. ಅವ್ವನ ಮುಂದೆ ಬಂದು ನಿಂತಳು.

"ರೊಟ್ಟಿಗೆ ಎಷ್ಟ್ ಹಿಡದ್ರು, ಅಕ್ಕಾ?" ಎಂದಳು.

ಅವ್ವ ತುತ್ತು ಅಗಿಯುತ್ತ, "ನಿನ್ನ ರೇಟ್ ಏನದ ಅದ ಕೊಟ್ಟೀವಿ, ತಂಗಿ. ಚೌಕಾಶಿ ಮಾಡಿಲ್ಲ" ಎಂದಳು. ಅವಳಿಗೆ ಅದು ದೊಡ್ಡತನದ ಮಾತು.

"ಮೊದಲ ಹೇಳಿದ್ರ ಕಡಿಮಿ ಮಾಡಿಸ್ತಿದ್ದೆ. ಓಣಿಯವರಲ್ಲೇನು."

ಪಂಕ್ತಿಯಲ್ಲಿ ಒಂದಿಬ್ಬರು ನಕ್ಕರು. ಅವ್ವನೂ ನಗಲು ಬಾಯಿ ತೆರೆದವಳು ಚಿಗವ್ವನ ಮುಖ ನೋಡಿದಳು. ಅವ್ವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳ ಕೈ ಎಲೆಯ ಮೇಲೆ ಹಾಗೇ ನಿಂತಿತು, ಮುರಿದ ರೊಟ್ಟಿಯ ತುಣುಕು ಬೆರಳಲ್ಲೇ ಉಳಿಯಿತು. ಎಡಬಲಕ್ಕೆ ಕೂತಿದ್ದ ಹೆಂಗಸರೂ ಒಬ್ಬರ ನಂತರ ಒಬ್ಬರು ಊಟ ನಿಲ್ಲಿಸಿದರು. ಅಲ್ಲಿದ್ದ ಯಾರಿಗೂ ತಲೆ ಎತ್ತಲಾಗಲಿಲ್ಲ. ನನಗೂ ಆಗಲಿಲ್ಲ.

"ಉಣ್ರಿ" ಎಂದಳು ಚಿಗವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ರೊಕ್ಕ ಕೊಟ್ಟೀರಲ್ಲ, ಉಣ್ರಿ."

ಅವ್ವನ ಎಲೆಗೆ ಇನ್ನೊಂದು ರೊಟ್ಟಿ ಹಾಕಿ, ಆಕೆ ನನ್ನ ಮುಂದೆ ಬಂದಳು.